ಕೊಲೆಸ್ಟ್ರಾಲ್ ಗುಳಿಗೆ ಮತ್ತು ತೊಡೆ ನೋವು: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ದೂರು ಬರುವುದು ಹೆಚ್ಚಾಗಿ ಹೀಗೆ: "ಸರ, ಕೊಲೆಸ್ಟ್ರಾಲ್ ಗುಳಿಗಿ ಚಾಲೂ ಮಾಡಿದಾಗಿಂದ ತೊಡಿ ಹಿಡ್ಯಾಕತ್ತಾವ್ರಿ. ಪಾವಟಿಗಿ ಹತ್ತಾಕ ಆಗವಲ್ದು. ಗುಳಿಗಿ ಬಿಟ್ಟಬಿಡ್ಲೇನ್ರಿ?" ಕೆಲವರು ಕೇಳುವುದೂ ಇಲ್ಲ, ಬಿಟ್ಟೇ ಬಂದಿರುತ್ತಾರೆ. ಗುಳಿಗೆಯ ಜೊತೆ ಬೆಳಗಿನ ವಾಕಿಂಗನ್ನೂ ಬಿಟ್ಟಿರುತ್ತಾರೆ. ಹೃದಯ ಕಾಯುವ ಎರಡು ಕೆಲಸ ಒಂದೇ ವಾರದಲ್ಲಿ ನಿಂತವು ಅಂತಾಯ್ತು.

ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಗುಳಿಗೆ ಬರೆಯುವುದು, ಬದಲಿಸುವುದು ವೈದ್ಯರ ಕೆಲಸ. ನೋವು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ನನ್ನ ದಿನದ ಕೆಲಸ. ಈ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆಗಳಿಗೆ ಸ್ಟ್ಯಾಟಿನ್ ಎನ್ನುತ್ತಾರೆ. ಅವನ್ನು ತಗೊಳ್ಳುವವರ ಸ್ನಾಯು ನೋವನ್ನು ಯಾವ ಕ್ರಮದಲ್ಲಿ ನೋಡಬೇಕು ಎಂದು ಇಲ್ಲಿ ಬರೆದಿದ್ದೇನೆ. ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಸ್ಟ್ಯಾಟಿನ್‌ಗಳು.

ಪೂರ್ತಿ ಕ್ರಮಕ್ಕೆ ಒಂದೇ ನಿಯಮ. ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಲದ ಪಂಪ್‌ಸೆಟ್ ನಿಂತಾಗ ಸ್ಟಾರ್ಟರ್, ಕೇಬಲ್, ಮೋಟಾರು ಮೂರನ್ನೂ ಒಂದೇ ದಿನ ಬದಲಿಸಿದರೆ ನೀರೇನೋ ಬರಬಹುದು, ಕೆಟ್ಟಿದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಇಲ್ಲೂ ಅಷ್ಟೇ. ಗುಳಿಗೆ ಬಿಟ್ಟು, ವಾಕಿಂಗ್ ಬಿಟ್ಟು, ಮೇಲೊಂದು ನೋವಿನ ಇಂಜೆಕ್ಷನ್ ಹಾಕಿಸಿಕೊಂಡರೆ ನೋವು ಇಳಿಯಬಹುದು. ಇಳಿಸಿದ್ದು ಯಾವುದು ಎಂದು ಯಾರೂ ಹೇಳಲಾರರು. ಆದರೆ ಹೆಸರು ಕೆಡುವುದು ಗುಳಿಗೆಯದೇ.

ಕಾಯಬಾರದ ಲಕ್ಷಣಗಳು

ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದರೆ ಈ ಬರಹ ಪಕ್ಕಕ್ಕಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ. ನೋವಿಗಿಂತ ಶಕ್ತಿಯೇ ಹೋಗಿದ್ದರೂ ಹೋಗಿ. ಅಂದರೆ ನೆಲದಿಂದ ಏಳಲು ಆಗದಿರುವುದು, ಕೈ ಎತ್ತಿ ತಲೆ ಬಾಚಲು ಆಗದಿರುವುದು. ಸ್ನಾಯು ಊದಿ ಮುಟ್ಟಿದರೆ ತಡೆಯಲಾಗದ ನೋವು, ಜೊತೆಗೆ ಜ್ವರ, ವಾಂತಿ, ಮೂತ್ರ ಕಡಿಮೆಯಾಗುವುದು, ಇವೂ ಅದೇ ಸಾಲಿನವು. ಸ್ನಾಯುವಿನ ಎಳೆಗಳು ಒಡೆದು ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುವ ಸ್ಥಿತಿ ಇದು. ರಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ತೀರಾ ಅಪರೂಪ, ಸ್ಟ್ಯಾಟಿನ್ ತಗೊಳ್ಳುವ 10,000 ಜನರಲ್ಲಿ ಒಬ್ಬರಿಗೂ ಬರುವುದು ಕಷ್ಟ. ಆದರೆ ಬಂದಾಗ ತಾಸುಗಳ ಲೆಕ್ಕ ಇರುತ್ತದೆ. ಮುಂದಿನ ಡೋಸ್‌ಗೆ ಮುಂಚೆ ವೈದ್ಯರನ್ನು ಕಾಣಲೇಬೇಕು.

ಇನ್ನೆರಡು ವಿಷಯ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಎದೆ, ದವಡೆ, ಎಡಗೈ ನೋವು ನಡೆದಾಗ ಬಂದು ನಿಂತಾಗ ಹೋಗುತ್ತಿದ್ದರೆ ಅದನ್ನು ಸ್ನಾಯು ನೋವು ಎಂದು ತಿಳಿಯಬೇಡಿ. ಎರಡಕ್ಕೂ ತಕ್ಷಣ ವೈದ್ಯರು ಬೇಕು.

ಸ್ಟ್ರಿಪ್ ಹಿಂದೆ ಏನು ಬರೆದಿದೆ

ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ತಾಟಿನಲ್ಲಿ ಹಾಕಿ ಹೆಸರು ಓದಿ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳೋ ಮೊಮ್ಮಗನೋ ಓದಲಿ, ಇಲ್ಲವೇ ಮೆಡಿಕಲ್ ಶಾಪಿನವರನ್ನು ಕೇಳಿ. ಈ ಹಂತವನ್ನು ಯಾರೂ ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಕಾರಣ ಇದೆ.

ನಮ್ಮಲ್ಲಿ ಸ್ಟ್ಯಾಟಿನ್ ಒಂಟಿಯಾಗಿಯೂ ಬರುತ್ತದೆ, ಬೇರೆ ಔಷಧದ ಜೊತೆ ಒಂದೇ ಕ್ಯಾಪ್ಸೂಲಿನಲ್ಲೂ ಬರುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟ್ಯಾಟಿನ್ ಮೂರೂ ಸೇರಿದ ಕ್ಯಾಪ್ಸೂಲ್ ಹೃದಯಾಘಾತ ಆದವರ ಮನೆಯಲ್ಲಿ ಸಾಮಾನ್ಯ. "ಕೊಲೆಸ್ಟ್ರಾಲ್ ಗುಳಿಗಿ ಬಿಟ್ಟೀನ್ರಿ" ಎಂದು ಇದನ್ನು ಬಿಟ್ಟವರು, ತಮಗೇ ಗೊತ್ತಿಲ್ಲದೆ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಔಷಧವನ್ನೂ ಬಿಟ್ಟಿರುತ್ತಾರೆ. ಸ್ಟೆಂಟ್ ಹಾಕಿಸಿಕೊಂಡು ಕೆಲವೇ ತಿಂಗಳಾಗಿದ್ದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ತೊಡೆ ನೋವಿಗೆ ಹೆದರಿ ಪ್ರಾಣಕ್ಕೇ ಕುತ್ತು ತಂದುಕೊಂಡ ಹಾಗಾಗುತ್ತದೆ. ಕೆಲವು ಸ್ಟ್ರಿಪ್‌ಗಳಲ್ಲಿ ಸ್ಟ್ಯಾಟಿನ್ ಜೊತೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಕೊಬ್ಬನ್ನು ಇಳಿಸುವ ಫೆನೋಫೈಬ್ರೇಟ್ ಇರುತ್ತದೆ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಸರಿನ ಜೊತೆ ಮೂರು ವಿಷಯ ಬರೆಯಿರಿ. ಎಷ್ಟು ಎಂ.ಜಿ., ಯಾವ ತಿಂಗಳಿಂದ, ಡೋಸ್ ಯಾವಾಗ ಹೆಚ್ಚಾಯಿತು. ಅಂದಾಜು ಸಾಕು. "ಕಾರ ಹುಣ್ಣಿಮೆ ಆದ ಮ್ಯಾಲ", "ಜೋಳ ಕೀಳೂ ಮುಂದ" ಎನ್ನುವ ಉತ್ತರದಿಂದಲೂ ತಿಂಗಳು ಸಿಗುತ್ತದೆ.

ನೋವು ಎಲ್ಲಿ, ಯಾವಾಗ

ಸ್ಟ್ಯಾಟಿನ್‌ನಿಂದ ಬರುವ ನೋವಿಗೆ ಒಂದು ಚಹರೆ ಇದೆ. ಎರಡೂ ಕಡೆ ಬರುತ್ತದೆ. ದೊಡ್ಡ ಸ್ನಾಯುಗಳಲ್ಲಿ ಬರುತ್ತದೆ: ತೊಡೆ, ಕುಂಡಿ, ಮೀನಖಂಡ, ಕೆಲವೊಮ್ಮೆ ಭುಜದ ಸುತ್ತ. ಒಂದು ಬೆರಳಿಟ್ಟು "ಇಲ್ಲೇ" ಎಂದು ತೋರಿಸುವ ನೋವಲ್ಲ, ಅಂಗೈ ಇಟ್ಟು ತೋರಿಸುವ ನೋವು. ಹಿಡಿದಂತೆ, ಭಾರವಾದಂತೆ, ದಣಿದಂತೆ ಅನಿಸುತ್ತದೆ. ಗುಳಿಗೆ ಶುರುವಾಗಿ ಅಥವಾ ಡೋಸ್ ಹೆಚ್ಚಾಗಿ ನಾಲ್ಕರಿಂದ ಹನ್ನೆರಡು ವಾರದೊಳಗೆ ಬರುವುದು ಹೆಚ್ಚು.

ಇದಕ್ಕೆ ಹೊಂದದ್ದನ್ನು ಬದಿಗಿಡಿ. ಐದು ವರ್ಷದಿಂದ ಅದೇ ಗುಳಿಗೆ, ಅದೇ ಡೋಸ್, ಹೋದ ವಾರ ಬಲಗಾಲು ಮಾತ್ರ ನೋಯುತ್ತಿದೆ ಅಂದರೆ ಸ್ಟ್ಯಾಟಿನ್ ಮೇಲೆ ಸಂಶಯ ಬಹಳ ಕಡಿಮೆ. ಮೊಣಕಾಲಿನ ಚಿಪ್ಪಿನ ಸುತ್ತ ನೋವು, ಕಟಕಟ ಶಬ್ದ, ಕೂತು ಎದ್ದಾಗ ಹಿಡಿತ, ಇವು ಕೀಲಿನ ಸವೆತದ ಗುರುತು. ಸ್ಟ್ಯಾಟಿನ್ ಕೀಲು ಸವೆಸುವುದಿಲ್ಲ.

ಶಕ್ತಿ ಕಡಿಮೆಯಾಗಿದೆಯೋ, ನೋವಷ್ಟೇ ಇದೆಯೋ ಎಂದು ಮನೆಯಲ್ಲೇ ನೋಡಬಹುದು. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿ, ಐದು ಸಲ ಎದ್ದು ಕೂರಿ. ನೋಯುತ್ತದೆ, ಆದರೆ ಏಳಲು ಆಗುತ್ತದೆ ಅಂದರೆ ಒಂದು ಕಥೆ. ನೋವಿಲ್ಲ, ಆದರೆ ತೊಡೆ ಏಳಿಸುತ್ತಿಲ್ಲ ಅಂದರೆ ಬೇರೆ ಕಥೆ. ಎರಡನೆಯದು ಹೆಚ್ಚು ಗಂಭೀರ, ಬೇಗ ತೋರಿಸಿ. ನಮ್ಮಲ್ಲಿ ಇನ್ನೂ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಉಣ್ಣುವವರು ಬಹಳ ಜನ. ಅವರಿಗೆ ಊಟದ ನಂತರ ಏಳುವುದೇ ದಿನಾಲೂ ಸಿಗುವ ಪರೀಕ್ಷೆ. ಮೊದಲು ಸುಮ್ನೆ ಏಳುತ್ತಿದ್ದವರು ಈಗ ನೆಲಕ್ಕೆ ಕೈ ಊರುತ್ತಿದ್ದಾರಾ? ಮನೆಯವರು ಗಮನಿಸಿ.

ಸ್ಟ್ಯಾಟಿನ್ ವೇಷದಲ್ಲಿ ಬರುವ ಬೇರೆ ದೋಷಗಳು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ನನ್ನ ಹತ್ತಿರ "ಗುಳಿಗಿ ನೋವು" ಎಂದು ಬರುವವರಲ್ಲಿ ಕೊನೆಗೆ ಬೇರೇನೋ ಸಿಗುವುದೇ ಜಾಸ್ತಿ.

ಮೊದಲು ಥೈರಾಯ್ಡ್. ಥೈರಾಯ್ಡ್ ಕಡಿಮೆಯಾದರೆ ಸ್ನಾಯು ನೋಯುತ್ತದೆ, ಹಿಡಿಯುತ್ತದೆ, ಮೈ ಭಾರವಾಗುತ್ತದೆ. ಅದೇ ಥೈರಾಯ್ಡ್ ಕೊರತೆ ರಕ್ತದಲ್ಲಿ ಕೊಲೆಸ್ಟ್ರಾಲನ್ನೂ ಏರಿಸುತ್ತದೆ. ಕೊಲೆಸ್ಟ್ರಾಲ್ ಏರಿದೆ ಎಂದು ಸ್ಟ್ಯಾಟಿನ್ ಶುರುವಾಗುತ್ತದೆ, ಆಮೇಲೆ ಸ್ನಾಯು ನೋವು ಎದ್ದು ಕಾಣುತ್ತದೆ, ತಪ್ಪು ಸ್ಟ್ಯಾಟಿನ್ ತಲೆಗೆ ಬರುತ್ತದೆ. ಥೈರಾಯ್ಡ್ ಸರಿಯಾಗದೆ ಸ್ಟ್ಯಾಟಿನ್ ತಗೊಂಡರೆ ಸ್ನಾಯು ತೊಂದರೆ ಬರುವ ಸಾಧ್ಯತೆಯೂ ಹೆಚ್ಚು. ಒಂದು ಟಿಎಸ್‌ಎಚ್ ಪರೀಕ್ಷೆಯಿಂದ ಇದು ಇತ್ಯರ್ಥವಾಗುತ್ತದೆ. ಹೆಂಗಸರಲ್ಲಿ ಇದನ್ನು ನೋಡದೆ ಮುಂದೆ ಹೋಗಲೇಬಾರದು.

ಎರಡನೆಯದು ಕಾಲಿನ ರಕ್ತನಾಳ ಕಟ್ಟಿಕೊಳ್ಳುವುದು. ಇದರಲ್ಲಿ ನನಗೆ ಹೆಚ್ಚು ಕಳವಳ. ಬೀಡಿ ಸೇದುವವರು, ಸಕ್ಕರೆ ಕಾಯಿಲೆ ಇರುವವರು ಹೇಳುವ ಮಾತು ಕೇಳಿ: "ಬಸ್ ಸ್ಟ್ಯಾಂಡ್‌ಗೆ ಹ್ವಾದ್ರ ಅರ್ಧ ದಾರಿಗೆ ಮೀನಖಂಡ ಹಿಡಿತೈತ್ರಿ. ಎರಡು ಮಿನಿಟು ನಿಂತ್ರ ಹೋಗತೈತಿ. ಮತ್ತ ಅಷ್ಟs ದೂರಕ್ಕ ಹಿಡಿತೈತಿ." ದಿನಾ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬಂದು, ನಿಂತರೆ ಹೋಗುವ ನೋವು ಸ್ಟ್ಯಾಟಿನ್‌ನದಲ್ಲ. ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ. ಕೊಬ್ಬು ಕಟ್ಟಿ ರಕ್ತನಾಳ ಕಿರಿದಾಗಿದೆ. ಇಂಥವರಿಗೆ ಸ್ಟ್ಯಾಟಿನ್ ಎಲ್ಲರಿಗಿಂತ ಹೆಚ್ಚು ಬೇಕು, ಅದನ್ನೇ ಅವರು ಬಿಟ್ಟು ಬರುತ್ತಾರೆ. ಪಾದದ ಮೇಲೆ ನಾಡಿ ಸಿಗುತ್ತದೆಯೇ ಎಂದು ನೋಡಿ, ಕೈ ಮತ್ತು ಕಣಕಾಲಿನ ಬಿ.ಪಿ. ಹೋಲಿಸಿದರೆ ವೈದ್ಯರಿಗೆ ದಾರಿ ಸಿಗುತ್ತದೆ.

ಇದನ್ನೇ ಹೋಲುವ ಇನ್ನೊಂದು ಇದೆ, ಬೆನ್ನುಮೂಳೆಯೊಳಗೆ ನರದ ದಾರಿ ಕಿರಿದಾಗುವುದು. ಅದೂ ನಡೆದಾಗ ಬರುತ್ತದೆ. ವ್ಯತ್ಯಾಸ ಹೀಗೆ: ರಕ್ತನಾಳದ ನೋವು ಸುಮ್ಮನೆ ನಿಂತರೂ ಹೋಗುತ್ತದೆ. ನರದ ನೋವಿಗೆ ಕೂರಬೇಕು, ಇಲ್ಲವೇ ಮುಂದಕ್ಕೆ ಬಗ್ಗಬೇಕು. ನಡೆಯಲು ಆಗದವರು ಸೈಕಲ್ ಮೇಲೆ ಬಗ್ಗಿ ಕೂತು ಆರಾಮಾಗಿ ಹೋಗುತ್ತಿದ್ದರೆ ಬೆನ್ನನ್ನು ನೋಡಿಸಿ.

ಪಾದ ಉರಿಯುವುದು, ಜುಮುಜುಮು, ರಾತ್ರಿ ಹಾಸಿಗೆಯಲ್ಲಿ ಜಾಸ್ತಿ, ಇದು ಸಕ್ಕರೆ ಕಾಯಿಲೆಯ ನರದ ತೊಂದರೆ. ಬಿ.ಪಿ.ಗೆ ಮೂತ್ರ ಹೋಗಿಸುವ ಗುಳಿಗೆ ಇದ್ದು, ರಾತ್ರಿ ಮೀನಖಂಡ ಗಂಟು ಕಟ್ಟುತ್ತಿದ್ದರೆ ಪೊಟ್ಯಾಸಿಯಂ ನೋಡಿಸಿ. ಐವತ್ತು ದಾಟಿದವರಿಗೆ ಬೆಳಿಗ್ಗೆ ಏಳುತ್ತಲೇ ಎರಡೂ ಭುಜ, ಎರಡೂ ಸೊಂಟದ ಕೀಲು ಮುಕ್ಕಾಲು ತಾಸು ಮೀರಿ ಹಿಡಿದುಕೊಂಡರೆ ಪಾಲಿಮಯಾಲ್ಜಿಯಾ ಎಂಬ ಬೇರೆಯೇ ಕಾಯಿಲೆ ಇರಬಹುದು, ಮೈಯೊಳಗಿನ ಉರಿಯೂತ ತೋರಿಸುವ ಇಎಸ್‌ಆರ್ ಪರೀಕ್ಷೆ ಸುಳಿವು ಕೊಡುತ್ತದೆ. ಚಿಕುನ್‌ಗುನ್ಯಾ ಆಗಿಹೋಗಿದ್ದರೆ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ವಿಟಮಿನ್ ಡಿ ತೀರಾ ಕಡಿಮೆ ಇದ್ದರೂ ಸ್ನಾಯು ನೋಯುತ್ತದೆ, ಅದನ್ನು ಸರಿ ಮಾಡುವುದು ಸರಿ. ಆದರೆ ವಿಟಮಿನ್ ಡಿ ಕೊಟ್ಟರೆ ಸ್ಟ್ಯಾಟಿನ್‌ನ ಸ್ನಾಯು ನೋವು ಬರುವುದಿಲ್ಲ ಎನ್ನುವುದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕೋ ಎನ್‌ಜೈಮ್ ಕ್ಯೂ10 ಎಂದು ಸ್ನಾಯು ನೋವಿಗೆ ಮಾರುವ ಗುಳಿಗೆಯದ್ದೂ ಇದೇ ಕಥೆ. ಅದರ ಬೆಲೆ ನೋಡಿದರೆ ಆ ದುಡ್ಡಿಗೆ ಹಾಲು, ಮೊಟ್ಟೆ, ಕಾಳು ತರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಸಂತೆಯಲ್ಲಿ, ಊರೂರು ತಿರುಗುವವರ ಹತ್ತಿರ ಸಿಗುವ ಹೆಸರಿಲ್ಲದ ನೋವಿನ ಪುಡಿ ತಗೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಸ್ಟೀರಾಯ್ಡ್ ಬಹಳ ದಿನ ಹೋದರೆ ತೊಡೆಯ ಶಕ್ತಿ ತಾನಾಗಿಯೇ ಕುಗ್ಗುತ್ತದೆ.

ಮತ್ತೆ ಕೆಲಸ. ದಿನಾ ಮೂವತ್ತು ನಲವತ್ತು ರೊಟ್ಟಿ ತಟ್ಟುವ ಅಕ್ಕನ ಬಲ ಭುಜದ ನೋವಿಗೆ ಸ್ಟ್ಯಾಟಿನ್ ಕಾರಣ ಆಗಿದ್ದರೆ ಎಡ ಭುಜವೂ ನೋಯಬೇಕಿತ್ತು, ಅಲ್ವಾ? ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ ಸೊಂಟ, ತೊಡೆ ನೋಯದವರು ಯಾರು? ನೋವು ಹಂಗಾಮಿನ ಜೊತೆ ಬಂದು ಹಂಗಾಮಿನ ಜೊತೆ ಹೋಗುತ್ತದೆಯೇ, ಗುಳಿಗೆಯ ಜೊತೆ ಬಂದಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಸಿಪಿಕೆ ಪರೀಕ್ಷೆ: ಹಿಂದಿನ ದಿನ ಏನು ಮಾಡಿದ್ದಿರಿ?

ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವಕ್ಕೆ ಲ್ಯಾಬ್ ರಿಪೋರ್ಟಿನಲ್ಲಿ ಸಿಪಿಕೆ ಅಥವಾ ಸಿಕೆ ಎಂದು ಬರೆದಿರುತ್ತಾರೆ. ಸ್ಟ್ಯಾಟಿನ್ ನೋವಿರುವ ಬಹಳ ಜನರಲ್ಲಿ ಇದು ಮಾಮೂಲಿಯಾಗಿಯೇ ಇರುತ್ತದೆ. ಏರಿದ್ದರೆ ಲ್ಯಾಬ್ ಕೊಟ್ಟ ಮೇಲ್ಮಿತಿಯ ಎಷ್ಟು ಪಟ್ಟು ಎಂದು ನೋಡಬೇಕು. ನಾಲ್ಕು ಪಟ್ಟಿಗಿಂತ ಕಡಿಮೆ ಇದ್ದರೆ ಗಾಬರಿ ಬೇಡ. ನಾಲ್ಕು ದಾಟಿದರೆ ವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಹತ್ತು ಪಟ್ಟು ದಾಟಿದರೆ ಸ್ಟ್ಯಾಟಿನ್ ನಿಲ್ಲಿಸಿ ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಈ ಪರೀಕ್ಷೆ ಸುಲಭವಾಗಿ ಮೋಸ ಮಾಡುತ್ತದೆ. ಗುಳಿಗೆಯೇ ಇಲ್ಲದ ಆರೋಗ್ಯವಂತನಲ್ಲೂ ಭಾರೀ ದುಡಿಮೆಯ ನಂತರ ಸಿಪಿಕೆ ಹಲವು ಪಟ್ಟು ಏರುತ್ತದೆ. ಒಂದರಿಂದ ಮೂರು ದಿನದ ನಡುವೆ ಎತ್ತರಕ್ಕೆ ಹೋಗಿ ನಿಧಾನ ಇಳಿಯುತ್ತದೆ. ಜೋಳದ ಕಣ ಮಾಡಿ ಮರುದಿನ ರಕ್ತ ಕೊಟ್ಟರೆ ರಿಪೋರ್ಟ್ ಕೆಂಪಾಗಿ ಬರುವುದು ಖಂಡಿತ. ಗರಡಿ ಮನೆಯಲ್ಲಿ ಸಾಮು ಮಾಡುವ ಹುಡುಗರ ಸಿಪಿಕೆ ಯಾವಾಗಲೂ ಮೇಲೇ ಇರಬಹುದು. ಕುಂಡಿಗೆ ಹಾಕಿದ ನೋವಿನ ಇಂಜೆಕ್ಷನ್ ಕೂಡ ಇದನ್ನು ಏರಿಸುತ್ತದೆ, ಸೂಜಿ ಹೋಗುವುದು ಸ್ನಾಯುವಿನೊಳಗೇ ಅಲ್ಲವೇ. ಆದ್ದರಿಂದ ತುರ್ತಿಲ್ಲದಿದ್ದರೆ ರಕ್ತ ಕೊಡುವ ಮುಂಚೆ ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ, ಭಾರದ ಕೆಲಸ ಬೇಡ, ಇಂಜೆಕ್ಷನ್ ಬೇಡ. ಸಾಮಾನ್ಯ ನಡಿಗೆ ನಡೆಯಲಿ. ಅಷ್ಟು ಬಿಡಲಾಗದಿದ್ದರೆ ಏನು ಕೆಲಸ ಮಾಡಿದಿರಿ ಎಂದು ಚೀಟಿ ಮೇಲೆ ಬರೆದು ವೈದ್ಯರಿಗೆ ತೋರಿಸಿ.

ಜೊತೆಗೆ ಸೇರಿದ ಔಷಧ

ವರ್ಷಗಟ್ಟಲೆ ಸುಮ್ಮನಿದ್ದ ಸ್ಟ್ಯಾಟಿನ್ ಒಮ್ಮೆಲೇ ನೋವು ಕೊಟ್ಟರೆ, ಇತ್ತೀಚೆಗೆ ಹೊಸದಾಗಿ ಏನು ಸೇರಿತು ಎಂದು ನೋಡಿ. ಕೆಲವು ಔಷಧಗಳು ಯಕೃತ್ತಿನಲ್ಲಿ ಸ್ಟ್ಯಾಟಿನ್ ಕರಗುವ ದಾರಿಯನ್ನು ಮುಚ್ಚುತ್ತವೆ. ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಕೆಮ್ಮು ಕಫಕ್ಕೆ ಕೊಡುವ ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಹೀಗೆ ಮಾಡುತ್ತವೆ. ಗಜಕರ್ಣಕ್ಕೆ ವಾರಗಟ್ಟಲೆ ಕೊಡುವ ಇಟ್ರಾಕೊನಜೋಲ್ ಕೂಡ. ನಮ್ಮ ಬಿಸಿಲು, ಬೆವರಿನ ಜಿಲ್ಲೆಗಳಲ್ಲಿ ಗಜಕರ್ಣ ಬಹಳ. ಆ ಗುಳಿಗೆಗಳನ್ನು ಚೀಟಿಯಿಲ್ಲದೆ ತಂದು ನುಂಗುವವರೂ ಬಹಳ. ಸಿಮ್ವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ಇರುವವರು ಇದನ್ನು ಮೆಡಿಕಲ್ ಶಾಪಿನಲ್ಲೇ ಹೇಳಬೇಕು. ರೋಸುವಾಸ್ಟ್ಯಾಟಿನ್ ಆ ದಾರಿಯಲ್ಲಿ ಹೆಚ್ಚು ಹೋಗುವುದಿಲ್ಲ.

ಬಿ.ಪಿ.ಗೆ ಕೊಡುವ ಡಿಲ್ಟಿಯಾಜೆಮ್, ವೆರಪಮಿಲ್, ಯೂರಿಕ್ ಆಸಿಡ್ ಏರಿ ಕೀಲು ಊದುವ ಗೌಟ್‌ಗೆ ಕೊಡುವ ಕೊಲ್ಚಿಸಿನ್, ಇವನ್ನೂ ಪಟ್ಟಿಗೆ ಸೇರಿಸಿ. ಟ್ರೈಗ್ಲಿಸರೈಡ್‌ಗೆ ಕೊಡುವ ಜೆಮ್‌ಫೈಬ್ರೋಜಿಲ್ ಸ್ಟ್ಯಾಟಿನ್ ಜೊತೆ ಕೂಡದು. 2001ರಲ್ಲಿ ಸೆರಿವಾಸ್ಟ್ಯಾಟಿನ್ ಎಂಬ ಗುಳಿಗೆಯನ್ನು ಸ್ನಾಯು ಒಡೆದ ಸಾವುಗಳ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದೆ ತಗೊಂಡರು. ಆ ಪ್ರಕರಣಗಳಲ್ಲಿ ಜೆಮ್‌ಫೈಬ್ರೋಜಿಲ್ ಜೊತೆಗಿದ್ದವು ಬಹಳ. ಸ್ಟ್ರಿಪ್‌ನಲ್ಲಿ ಕಂಡ ಫೆನೋಫೈಬ್ರೇಟ್ ಅಷ್ಟು ಅಪಾಯದ್ದಲ್ಲ, ಆದರೂ ನೋವಿದ್ದರೆ ಅದರ ಹೆಸರನ್ನು ವೈದ್ಯರಿಗೆ ಹೇಳಿ.

ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಒಂದು ಮಾತು. ಸ್ಟ್ಯಾಟಿನ್ ಜೊತೆ ಬೇಡ ಎನ್ನುವ ಗ್ರೇಪ್‌ಫ್ರೂಟ್ ಒಂದು ದೊಡ್ಡ ಕಿತ್ತಳೆ ಜಾತಿಯ ಹಣ್ಣು, ಚಕ್ಕೋತದ ಸಂಬಂಧಿ. ನಿಮ್ಮ ತೋಟದ ದ್ರಾಕ್ಷಿಗೂ ಒಣದ್ರಾಕ್ಷಿಗೂ ಈ ಭಯ ಇಲ್ಲ.

ವ್ಯಾಯಾಮವೇ ಕಾರಣವೇ?

ಆಗಿರಬಹುದು. ಆದರೆ ಜನ ಹೆದರುವ ರೀತಿಯಲ್ಲಿ ಅಲ್ಲ.

ರೂಢಿ ಇಲ್ಲದ ಕೆಲಸ ಮಾಡಿದ ಮೇಲೆ ಒಂದೆರಡು ದಿನಕ್ಕೆ ಸ್ನಾಯು ಹಿಡಿಯುವುದು ಎಲ್ಲರಿಗೂ ಆಗುತ್ತದೆ. ಏರುವುದಕ್ಕಿಂತ ಇಳಿಯುವುದರಿಂದ ಇದು ಜಾಸ್ತಿ. ಗೋಳಗುಮ್ಮಟದ ಮೂಲೆ ಗೋಪುರದ ಕಿರಿದಾದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿ ನೋಡಿ ಇಳಿದು ಬಂದವರಿಗೆ ಮರುದಿನ ತೊಡೆಯ ಮುಂಭಾಗ ಹಿಡಿಯುತ್ತದೆ. ಹತ್ತುವಾಗ ಉಸಿರು ಹೋಗುತ್ತದೆ, ಪೆಟ್ಟು ಬೀಳುವುದು ಇಳಿಯುವಾಗ. ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈ ಭಾರ ಹಿಡಿಯಬೇಕು, ಆಗ ಎಳೆಗಳಲ್ಲಿ ಸಣ್ಣ ಸಣ್ಣ ಸೀಳು ಬೀಳುತ್ತವೆ. ಬಾದಾಮಿಯ ಕೋಟೆ ಮೆಟ್ಟಿಲಿಗೂ ಇದೇ ಮಾತು. ಈ ನೋವು ಎರಡನೇ ದಿನ ಹೆಚ್ಚಾಗಿ ಐದಾರು ದಿನಕ್ಕೆ ಹೋಗುತ್ತದೆ. ವಾರ ಕಳೆದರೂ ಹೋಗದೆ ಎರಡೂ ತೊಡೆಯಲ್ಲಿ ಉಳಿದರೆ ಆಗ ಸಂಶಯಪಡಿ.

ತೊಂದರೆ ಆಗುವುದು ಹೀಗೆ. ರಿಪೋರ್ಟ್ ನೋಡಿ ಹೆದರಿದ ಮನುಷ್ಯ ಒಂದೇ ಸೋಮವಾರ ಗುಳಿಗೆ, ಜಿಮ್, ಬೆಳಗಿನ ಓಟ ಮೂರನ್ನೂ ಶುರು ಮಾಡುತ್ತಾನೆ. ಗುರುವಾರ ತೊಡೆ ನೋಯುತ್ತದೆ. ಗುಳಿಗೆಗೆ ಕೆಲಸ ತೋರಿಸಲೂ ಸಮಯ ಸಿಕ್ಕಿರುವುದಿಲ್ಲ. ಸ್ಟ್ಯಾಟಿನ್ ಶುರುವಾದ ಮೊದಲ ತಿಂಗಳು ಹೊಸ ವ್ಯಾಯಾಮ ಬೇಡ ಎಂದು ನಾನು ಹೇಳುವುದು ಇದಕ್ಕೇ. ಮೊದಲಿಂದ ಮಾಡುತ್ತಿದ್ದುದನ್ನು ಅಷ್ಟೇ ಮಾಡಿ. ಏನೂ ಮಾಡುತ್ತಿರಲಿಲ್ಲ ಅಂದರೆ ಸಮತಟ್ಟಾದ ನೆಲದ ಮೇಲೆ ಹತ್ತು ನಿಮಿಷ ನಡೆಯಿರಿ.

ನೋವಿದ್ದಾಗ ನಡೆದರೆ ಸ್ನಾಯು ಇನ್ನಷ್ಟು ಹಾಳಾಗುತ್ತದೆಯೇ? ನೆದರ್ಲೆಂಡ್ಸ್‌ನ ನೈಮೇಖನ್ ಊರಿನಲ್ಲಿ ವರ್ಷಕ್ಕೊಮ್ಮೆ ನಾಲ್ಕು ದಿನದ ನಡಿಗೆ ನಡೆಯುತ್ತದೆ. ದಿನಕ್ಕೆ 30ರಿಂದ 50 ಕಿಲೋಮೀಟರ್. ಅಲ್ಲಿ ನಡೆದವರಲ್ಲಿ ಮೂರು ಗುಂಪನ್ನು ಹೋಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸ್ಟ್ಯಾಟಿನ್ ತಗೊಂಡು ನೋವಿರುವವರು, ಸ್ಟ್ಯಾಟಿನ್ ತಗೊಂಡೂ ನೋವಿಲ್ಲದವರು, ಸ್ಟ್ಯಾಟಿನ್ ತಗೊಳ್ಳದವರು. ನಡೆದ ಮೇಲೆ ಸ್ನಾಯು ಪೆಟ್ಟಿನ ಗುರುತುಗಳು ಮೂರೂ ಗುಂಪಿನಲ್ಲಿ ಏರಿದವು, ಒಂದೇ ರೀತಿ ಏರಿದವು. ನೋವಿರುವವರಿಗೆ ಶುರುವಿನಲ್ಲೇ ನೋವು ಹೆಚ್ಚಿತ್ತು, ನಿಜ. ಆದರೆ ನಡಿಗೆ ಅವರ ಸ್ನಾಯುವನ್ನು ಉಳಿದವರಿಗಿಂತ ಹೆಚ್ಚು ಕೆಡಿಸಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶ್ರೀಶೈಲದ ಪಾದಯಾತ್ರೆ. ಯುಗಾದಿಗೆ ಮಲ್ಲಯ್ಯನ ದರ್ಶನಕ್ಕೆ ನಮ್ಮ ಕಡೆಯ ಜಿಲ್ಲೆಗಳಿಂದ ಜನ ನೂರಾರು ಕಿಲೋಮೀಟರ್ ನಡೆಯುತ್ತಾರೆ. ಅವರಲ್ಲಿ ಸ್ಟ್ಯಾಟಿನ್ ತಗೊಳ್ಳುವ ಅರವತ್ತರ ಯಜಮಾನರೂ ಇರುತ್ತಾರೆ. ಹೃದಯದ ವೈದ್ಯರು ಸೈ ಅಂದರೆ ಸ್ಟ್ಯಾಟಿನ್ ಒಂದೇ ಕಾರಣಕ್ಕೆ ಅವರನ್ನು ತಡೆಯಬೇಕಿಲ್ಲ. ಆದರೆ ನೈಮೇಖನ್‌ಗೂ ನಮ್ಮ ದಾರಿಗೂ ದೊಡ್ಡ ಅಂತರ ಇದೆ: ಬಿಸಿಲು. ನೀರು ಕಡಿಮೆಯಾಗಿ, ಜೊತೆಗೆ ನೋವಿನ ಗುಳಿಗೆ ನುಂಗಿ, ಮೂತ್ರ ಹೋಗಿಸುವ ಗುಳಿಗೆಯೂ ನಡೆದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು. ಎರಡು ಮೂರು ತಿಂಗಳು ಮುಂಚೆಯೇ ನಡಿಗೆ ಏರಿಸುತ್ತಾ ಬನ್ನಿ. ತಂಪು ಹೊತ್ತಿನಲ್ಲಿ ನಡೆಯಿರಿ. ದಾರಿಯ ದಾಸೋಹದಲ್ಲಿ ಯಾರೋ ಕೊಟ್ಟರು ಎಂದು ನೋವಿನ ಗುಳಿಗೆ ತಗೊಳ್ಳಬೇಡಿ. ಮೂತ್ರದ ಬಣ್ಣ ದಿನಾ ನೋಡಿಕೊಳ್ಳಿ.

ನೋವು ಇರುವಾಗ ನಾನು ಹೇಳಿಕೊಡುವುದು ಇಷ್ಟು. ನಡಿಗೆಯನ್ನು ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಇಳಿಜಾರು, ಬೈಠಕ್, ಓಟ ಎರಡು ವಾರ ಬೇಡ. ಕುರ್ಚಿಯಿಂದ ಎದ್ದು ಕೂರುವುದನ್ನು ದಿನ ಬಿಟ್ಟು ದಿನ, ನೋವು ಸಹಿಸುವಷ್ಟೇ. ಮರುದಿನ ನೋವು ಮೊದಲಿನಷ್ಟೇ ಇದ್ದರೆ ಮುಂದಿನ ವಾರ ಸ್ವಲ್ಪ ಏರಿಸಿ. ತಿಂಗಳುಗಟ್ಟಲೆ ಕೂತರೆ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ನೋಯುತ್ತದೆ. ಆಗ ಗುಳಿಗೆ ಬಿಟ್ಟರೂ ನೋವು ಬಿಡುವುದಿಲ್ಲ.

ಬಿಟ್ಟು ನೋಡುವುದು, ಮತ್ತೆ ಶುರು ಮಾಡುವುದು

ಇಲ್ಲಿವರೆಗೆ ಬೇರೆ ಕಾರಣ ಸಿಗದಿದ್ದರೆ ಗುಳಿಗೆಯನ್ನೇ ಪರೀಕ್ಷೆಗೆ ಒಡ್ಡಬೇಕು. ಇದು ವೈದ್ಯರು ಹೇಳಿದ ಮೇಲೆಯೇ. ಸ್ಟೆಂಟ್, ಹೃದಯಾಘಾತ, ಪಾರ್ಶ್ವವಾಯು ಆದವರು ಸ್ವಂತಕ್ಕೆ ಮಾಡಲೇಬಾರದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಸ್ಟ್ಯಾಟಿನ್ ನಿಲ್ಲಿಸುತ್ತಾರೆ. ಮೂರರ ಕ್ಯಾಪ್ಸೂಲ್ ಆಗಿದ್ದರೆ ಉಳಿದ ಎರಡನ್ನು ಬೇರೆ ಗುಳಿಗೆಯಾಗಿ ಕೊಡುತ್ತಾರೆ.

ಈ ವಾರಗಳಲ್ಲಿ ಗೋಡೆಯ ಕ್ಯಾಲೆಂಡರ್ ಮೇಲೆ ದಿನಾ ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಿರಿ. ಕೆಲಸ, ವ್ಯಾಯಾಮ, ಬೇರೆ ಗುಳಿಗೆ ಯಾವುದೂ ಬದಲಾಗದಿರಲಿ. ನೋವು ಇಳಿಯದಿದ್ದರೆ ಹೆಚ್ಚಾಗಿ ಸ್ಟ್ಯಾಟಿನ್ ತಪ್ಪಿತಸ್ಥ ಅಲ್ಲ (ಒಂದು ಅಪರೂಪದ ಸ್ಥಿತಿ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ), ಮತ್ತೆ ಶುರು ಮಾಡಿ ಹುಡುಕಾಟ ಮುಂದುವರಿಸಬೇಕು. ಇಳಿದರೆ? ಅಷ್ಟಕ್ಕೇ ತೀರ್ಪು ಆಗುವುದಿಲ್ಲ. ಮತ್ತೆ ಗುಳಿಗೆ ಶುರು ಮಾಡಿದಾಗ ನಾಲ್ಕು ವಾರದೊಳಗೆ ಅದೇ ನೋವು ಅದೇ ಜಾಗಕ್ಕೆ ಬರಬೇಕು.

ಈ ಎರಡನೇ ಅರ್ಧ ಏಕೆ ಬೇಕು ಎಂದು ಲಂಡನ್ನಿನ ಸ್ಯಾಮ್ಸನ್ ಎಂಬ ಅಧ್ಯಯನ ತೋರಿಸಿತು. ತೊಂದರೆ ಆಯ್ತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷ ಪರೀಕ್ಷೆ ಮಾಡಿದರು. ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಔಷಧವೇ ಇಲ್ಲದ ಹುಸಿ ಗುಳಿಗೆ, ನಾಲ್ಕು ತಿಂಗಳು ಏನೂ ಇಲ್ಲ, ತಿಂಗಳುಗಳನ್ನು ಕಲಸಿ ಕೊಟ್ಟರು. ಯಾವ ತಿಂಗಳು ನಿಜವಾದ ಗುಳಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಏನೂ ಇಲ್ಲದ ತಿಂಗಳು ತೊಂದರೆಯ ಅಂಕ ನೂರಕ್ಕೆ 8.0. ಹುಸಿ ಗುಳಿಗೆಯ ತಿಂಗಳು 15.4. ಸ್ಟ್ಯಾಟಿನ್ ತಿಂಗಳು 16.3. ಗುಳಿಗೆ ನುಂಗುವುದರಿಂದ ಹೆಚ್ಚಾದ ತೊಂದರೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ಹುಸಿ ಗುಳಿಗೆಯಿಂದಲೂ ಬಂತು. ತಮ್ಮ ಅಂಕಿಗಳನ್ನು ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಸ್ಟ್ಯಾಟಿನ್‌ಗೆ ಮರಳಿದರು.

ಇದನ್ನು ಹೇಳಿ ಯಾರನ್ನೂ "ನಿಮ್ಮದು ಬರೀ ಭ್ರಮೆ" ಎನ್ನಬಾರದು. ಹುಸಿ ಗುಳಿಗೆ ತಗೊಂಡವರ ನೋವೂ ನಿಜವಾದ ನೋವೇ. ಹೆದರಿಕೆಯಿಂದ ಮೈಮೇಲೆ ಗಮನ ಹೆಚ್ಚಾಗಿ ಎಂದಿನ ನೋವು ಜೋರಾಗಿ ಕೇಳಿಸುತ್ತದೆ, ಅಷ್ಟೇ.

2022ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ 19 ಪ್ರಯೋಗಗಳ 1,23,940 ಜನರದು. ಸ್ನಾಯು ನೋವು ಅಥವಾ ನಿಶ್ಶಕ್ತಿ ಹೇಳಿದವರು ಸ್ಟ್ಯಾಟಿನ್ ಗುಂಪಿನಲ್ಲಿ 27.1 ಶೇಕಡಾ, ಹುಸಿ ಗುಳಿಗೆ ಗುಂಪಿನಲ್ಲಿ 26.6 ಶೇಕಡಾ. ಮೊದಲ ವರ್ಷ ಸಾವಿರ ಜನರಲ್ಲಿ ಸುಮಾರು 11 ಜನರಿಗೆ ಮಾತ್ರ ಹೆಚ್ಚಿನ ತೊಂದರೆ, ಆಮೇಲೆ ಗಮನಿಸುವಂಥ ವ್ಯತ್ಯಾಸ ಉಳಿಯಲಿಲ್ಲ. ಆ ಹನ್ನೊಂದು ಜನರೂ ಇದ್ದಾರೆ ಎಂಬುದನ್ನು ಮರೆಯಬಾರದು. ಅವರನ್ನು ಗುರುತಿಸಲಿಕ್ಕೇ ಈ ಕ್ರಮ.

ಗುಳಿಗೆಯದೇ ಎಂದು ಖಾತ್ರಿಯಾದರೆ

ದಾರಿಗಳು ಬಹಳ ಇವೆ. ಅದೇ ಸ್ಟ್ಯಾಟಿನ್ ಕಡಿಮೆ ಡೋಸ್‌ನಲ್ಲಿ. ಬೇರೆ ಸ್ಟ್ಯಾಟಿನ್, ಏಕೆಂದರೆ ಒಂದು ಒಗ್ಗದವರಿಗೆ ಇನ್ನೊಂದು ಒಗ್ಗುವುದು ಸಾಮಾನ್ಯ. ರೋಸುವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ದಿನ ಬಿಟ್ಟು ದಿನವೂ ಕೊಡುತ್ತಾರೆ. ಸಣ್ಣ ಡೋಸ್ ಸ್ಟ್ಯಾಟಿನ್ ಜೊತೆ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರದಂತೆ ತಡೆಯುವ ಎಜೆಟಿಮೈಬ್ ಸೇರಿಸುತ್ತಾರೆ. ಸ್ಟ್ಯಾಟಿನ್ ಒಂದೂ ಒಗ್ಗದವರಿಗೆ ಬೆಂಪೆಡೋಯಿಕ್ ಆಸಿಡ್ ಇದೆ. ಅದು ಕೆಲಸಕ್ಕೆ ಬರುವ ರೂಪಕ್ಕೆ ಬದಲಾಗುವುದು ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಅಲ್ಲ. ಸ್ಟ್ಯಾಟಿನ್ ಆಗದ 13,970 ಜನರಲ್ಲಿ ಮಾಡಿದ ಪ್ರಯೋಗದಲ್ಲಿ ಹೃದಯಾಘಾತದಂಥ ದೊಡ್ಡ ಅನಾಹುತಗಳು 13 ಶೇಕಡಾ ಕಡಿಮೆಯಾದವು ಎಂದು 2023ರಲ್ಲಿ ವರದಿಯಾಯಿತು. ಗೌಟ್ ಇರುವವರು ಮೊದಲೇ ಹೇಳಬೇಕು, ಇದು ಯೂರಿಕ್ ಆಸಿಡ್ ಏರಿಸುತ್ತದೆ. ಚರ್ಮದ ಕೆಳಗೆ ಹಾಕುವ ಇಂಜೆಕ್ಷನ್‌ಗಳೂ ಇವೆ, ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವುದಿಲ್ಲ.

ಒಂದು ಅಪರೂಪದ ದೋಷ ಉಳಿಯಿತು. ಸ್ಟ್ಯಾಟಿನ್ ನಿಲ್ಲಿಸಿ ಎರಡು ತಿಂಗಳಾದರೂ ತೊಡೆ, ಭುಜದ ಶಕ್ತಿ ಕುಗ್ಗುತ್ತಲೇ ಇದೆ, ಸಿಪಿಕೆ ಸಾವಿರಗಳಲ್ಲಿ ನಿಂತಿದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಸ್ನಾಯುವಿನ ಮೇಲೆ ತಿರುಗಿ ಬಿದ್ದಿರುವ ಸ್ಥಿತಿ ಇದು. ವರ್ಷಗಟ್ಟಲೆ ಸ್ಟ್ಯಾಟಿನ್ ಒಗ್ಗಿದವರಲ್ಲೂ ಬರಬಹುದು. ಲಕ್ಷದಲ್ಲಿ ಎರಡು ಮೂರು ಜನರ ಮಾತು. ಇವರಿಗೆ ಮತ್ತೆ ಸ್ಟ್ಯಾಟಿನ್ ಕೊಡುವಂತಿಲ್ಲ. ನಮ್ಮಂಥವರ ವ್ಯಾಯಾಮ ಒಂದೇ ಸಾಲದು, ಕೀಲು-ಸ್ನಾಯು ರೋಗದ (ರುಮಟಾಲಜಿ) ಅಥವಾ ನರರೋಗದ ತಜ್ಞರು ಬೇಕು. ಬೆಳಗಾವಿ, ಹುಬ್ಬಳ್ಳಿಗೆ ಹೋಗುವುದಕ್ಕೆ ತಡ ಮಾಡಬೇಡಿ.

ಉಳಿದವರು ಹೊಸ ಗುಳಿಗೆಯೋ ಹೊಸ ಡೋಸ್ಸೋ ಶುರುವಾದ ಮೇಲೆ ಕ್ಯಾಲೆಂಡರ್ ಅಂಕಿ ಇನ್ನೊಂದು ತಿಂಗಳು ಬರೆಯಿರಿ. ಆರರಿಂದ ಎಂಟು ವಾರಕ್ಕೆ ಕೊಲೆಸ್ಟ್ರಾಲ್ ಪರೀಕ್ಷೆ (ಲಿಪಿಡ್ ಪ್ರೊಫೈಲ್) ಮಾಡಿಸಿ. ಹೃದಯಾಘಾತ ಆದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 70ಕ್ಕಿಂತ, ಸಾಧ್ಯವಾದರೆ 55ಕ್ಕಿಂತ ಕೆಳಗೆ ಇರಲಿ ಎಂದು ವೈದ್ಯರು ನೋಡುತ್ತಾರೆ. ಆ ರಿಪೋರ್ಟ್, ಕ್ಯಾಲೆಂಡರಿನ ಹಾಳೆ, ಎಲ್ಲ ಸ್ಟ್ರಿಪ್‌ಗಳು, ಮೂರನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.